ಶಾಲೆಯ ಹಬ್ಬ ಯಾರಿಗಾಗಿ?

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಮಗ್ಗಿಯ ಸ್ವರ ತಗ್ಗಿ ಧ್ವನಿವರ್ಧಕದ ಸ್ವರ ಏರುತ್ತದೆ. ವಾರ್ಷಿಕೋತ್ಸವದ ಸಿದ್ಧತೆ ಅದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸುತ್ತಮುತ್ತ ಹಲವು ವರ್ಷ ಸೇವೆ ಸಲ್ಲಿಸಿದ ನಾನು ಇಂತಹ ಎಷ್ಟೋ ಉತ್ಸವಗಳಲ್ಲಿ ವೇದಿಕೆಯ ಮೇಲೆ ಕುಳಿತಿದ್ದೇನೆ, ಶಾಲು ಹೊದ್ದಿದ್ದೇನೆ, ನೆನಪಿನ ಕಾಣಿಕೆ ಪಡೆದಿದ್ದೇನೆ, ಭಾಷಣ ಮಾಡಿದ್ದೇನೆ. ಆದುದರಿಂದ ಈಗ ಬರೆಯಹೊರಟಿರುವ ಮಾತುಗಳು ಹೊರಗಿನವನ ಟೀಕೆಯಲ್ಲ. ಪಾಲುದಾರನೊಬ್ಬನ ತಪ್ಪೊಪ್ಪಿಗೆಯೂ ಹೌದು, ತಕರಾರೂ ಹೌದು.

ಕೆಲವು ವರ್ಷಗಳ ಹಿಂದಿನ ಒಂದು ಸಂಜೆ. ಶಾಲೆಯ ಹೆಸರು ಬೇಡ. ಒಂದರ ಹೆಸರು ಹೇಳಿದರೆ ಉಳಿದವರು ತಮಗೆ ಸಂಬಂಧವಿಲ್ಲವೆಂದು ಸುಮ್ಮನಾದಾರು. ಐದು ಗಂಟೆಗೆ ಆರಂಭವಾಗಬೇಕಿದ್ದ ಕಾರ್ಯಕ್ರಮ ಏಳಾದರೂ ಆರಂಭವಾಗಿರಲಿಲ್ಲ. ಮುಖ್ಯ ಅತಿಥಿಗಳ ವಾಹನ ಇನ್ನೂ ಬಂದಿರಲಿಲ್ಲ. ಒಂದನೆಯ ತರಗತಿಯ ಮಕ್ಕಳು ತುಟಿಯ ಬಣ್ಣ ಅಳಿಸೀತೆಂಬ ಭಯದಿಂದ ನೀರನ್ನೂ ಕುಡಿಯದೆ, ಬಾಡಿಗೆಯ ತೆಳು ಬಟ್ಟೆಯಲ್ಲಿ ಚಳಿಗೆ ಮುದುರಿ ಸಾಲಾಗಿ ಕುಳಿತಿದ್ದರು. ಮುಂದಿನ ಎರಡು ಸಾಲು ಸೋಫಾಗಳು ಖಾಲಿ. ಅವುಗಳ ಹಿಂದೆ ಹಗ್ಗ. ಹಗ್ಗದ ಹಿಂದೆ ಕುರ್ಚಿಗಳು. ಕುರ್ಚಿಗಳ ಹಿಂದೆ, ಕಂಪೌಂಡಿನ ಗೋಡೆಗೆ ಒರಗಿ ನಿಂತವರು ಬಹುಮಂದಿ. ಅವರ ನಡುವೆ ಕಲ್ಲಿನ ಗಣಿಯಲ್ಲಿ ದುಡಿಯುವ ತಾಯಿಯೊಬ್ಬಳು ಮಗನ ಕೈಹಿಡಿದು ನಿಂತಿದ್ದಳು. ಮಗು ಶಾಲೆಯ ಸಮವಸ್ತ್ರದಲ್ಲಿತ್ತು. “ಇವನ ಕುಣಿತ ಯಾವಾಗ?” ಎಂದು ಕೇಳಿದೆ.

“ಇವಾ ಕುಣಿಯಾಂಗಿಲ್ರಿ ಫಾದರ್. ಡ್ರೆಸ್ಸಿಗಿ ರೊಕ್ಕ ಕೊಡಲಾಕ ಆಗಲಿಲ್ರಿ. ಇವನ ಗೆಳ್ಯಾರು ಕುಣಿಲತ್ತಾರ, ಅದಕ್ಕ ನೋಡಲಾಕ ಬಂದೀವಿ” ಎಂದಳು.

ಆಕೆಯ ಮಾತಿನಲ್ಲಿ ದೂರಿರಲಿಲ್ಲ. ದೂರಿದ್ದಿದ್ದರೆ ನಾನು ಸಮಾಧಾನ ಹೇಳಿ ಮುಂದೆ ಹೋಗುತ್ತಿದ್ದೆನೇನೋ. ಆ ಅಂಗಳಕ್ಕೆ ಹಾಸಿದ್ದುದು ಶಹಾಬಾದಿನ ಫರಸಿ. ಅದನ್ನು ಗಣಿಯಿಂದ ಎತ್ತಿದ ಕೈಗಳು ಅದೇ ಅಂಗಳದ ಕಟ್ಟಕಡೆಯ ಅಂಚಿನಲ್ಲಿದ್ದವು. ನಾನು ವೇದಿಕೆಗೆ ಮರಳಿ ನನಗೆಂದು ಇಟ್ಟಿದ್ದ ಕುರ್ಚಿಯಲ್ಲಿ ಕುಳಿತೆ. ಅಂದು ನಾನು ಏನನ್ನೂ ಹೇಳಲಿಲ್ಲ. ಆ ಮೌನಕ್ಕೆ ಪ್ರಾಯಶ್ಚಿತ್ತವಾಗಿ ಇದನ್ನು ಬರೆಯುತ್ತಿದ್ದೇನೆ.

ಸಂತ ಯಕೋಬರು ತಮ್ಮ ಪತ್ರದ ಎರಡನೆಯ ಅಧ್ಯಾಯದಲ್ಲಿ ಕುರ್ಚಿಯ ಪ್ರಶ್ನೆಯನ್ನೇ ಎತ್ತಿದ್ದಾರೆ. ಚಿನ್ನದ ಉಂಗುರ ತೊಟ್ಟವನಿಗೆ ಒಳ್ಳೆಯ ಪೀಠವನ್ನೂ ಮಾಸಿದ ಬಟ್ಟೆಯವನಿಗೆ ನೆಲವನ್ನೂ ತೋರಿಸುವ ಸಭೆ ತಾನಾಗಿಯೇ ಕೆಟ್ಟ ನ್ಯಾಯಾಧೀಶನಾಗುತ್ತದೆ ಎಂದು ಅವರು ಎಚ್ಚರಿಸುತ್ತಾರೆ. ಸಂತ ಲೂಕರ ಶುಭಸಂದೇಶದ ಹದಿನಾಲ್ಕನೆಯ ಅಧ್ಯಾಯದಲ್ಲಿ ಪ್ರಭು ಯೇಸು ಔತಣಕ್ಕೆ ಯಾರನ್ನು ಕರೆಯಬೇಕೆಂದು ಬಿಡಿಸಿ ಹೇಳಿದ್ದಾರೆ: ಮರಳಿ ಉಪಕಾರ ಮಾಡಬಲ್ಲ ಶ್ರೀಮಂತ ನೆರೆಯವರನ್ನಲ್ಲ, ಮರಳಿಸಲಾರದ ಬಡವರನ್ನು. ನಮ್ಮ ಆಮಂತ್ರಣ ಪತ್ರಿಕೆಗಳನ್ನು ಈ ಅಧ್ಯಾಯದ ಪಕ್ಕದಲ್ಲಿಟ್ಟು ಓದಿ ನೋಡಿ. ಅನುಮತಿ ಕೊಡಿಸಬಲ್ಲವರು, ದೇಣಿಗೆ ಕೊಡಬಲ್ಲವರು, ಮುಂದೆಂದಾದರೂ ಒದಗಬಲ್ಲವರು ಮಾತ್ರ ಅಲ್ಲಿ ದಪ್ಪ ಅಕ್ಷರಗಳಲ್ಲಿರುತ್ತಾರೆ. ಶುಭಸಂದೇಶವನ್ನು ಬೆಳಗಿನ ಪ್ರಾರ್ಥನೆಯಲ್ಲಿ ಓದಿ ಸಂಜೆಯ ಆಸನ ವ್ಯವಸ್ಥೆಯಲ್ಲಿ ತಳ್ಳಿಹಾಕಿದರೆ ಮಕ್ಕಳು ಯಾವುದನ್ನು ಕಲಿಯುತ್ತಾರೆ? ಕಿವಿಯಿಂದ ಕೇಳಿದ್ದಕ್ಕಿಂತ ಕಣ್ಣಿಂದ ಕಂಡದ್ದನ್ನು ಮಕ್ಕಳು ಬೇಗ ಕಲಿಯುತ್ತಾರೆ.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯು ಕಥೋಲಿಕ ಶಾಲೆಯ ವೈಶಿಷ್ಟ್ಯವನ್ನು ಕಟ್ಟಡದಲ್ಲಿಯೋ ಫಲಿತಾಂಶದಲ್ಲಿಯೋ ಕಾಣಲಿಲ್ಲ. ಸ್ವಾತಂತ್ರ್ಯ ಮತ್ತು ಪ್ರೀತಿಗಳಿಂದ ಉಸಿರಾಡುವ ಒಂದು ಸಮುದಾಯದಲ್ಲಿ ಕಂಡಿತು. ಮಕ್ಕಳ ಮೊದಲ ಶಿಕ್ಷಕರು ಅವರ ತಂದೆತಾಯಿಗಳೇ ಎಂದಿತು. ಬಡವರು, ಕುಟುಂಬದ ಆಸರೆ ಇಲ್ಲದವರು, ನಮ್ಮ ವಿಶ್ವಾಸಕ್ಕೆ ಸೇರದವರು ನಮ್ಮ ಶಾಲೆಗಳ ವಿಶೇಷ ಕಾಳಜಿಗೆ ಪಾತ್ರರು ಎಂದಿತು. ಮೊದಲ ಶಿಕ್ಷಕಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸುವುದು ಯಾವ ಮಹಾಸಭೆಯ ಬೋಧನೆ?

ಈ ಪ್ರದೇಶವನ್ನು ಬಲ್ಲವರಿಗೆ ಇದರ ಗಂಭೀರತೆ ಇನ್ನೂ ಚೆನ್ನಾಗಿ ತಿಳಿದೀತು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಅಂದಿನ ಗುಲ್ಬರ್ಗ ವಿಭಾಗಕ್ಕೆ ಸೇರಿದ್ದವು. ಸಂವಿಧಾನದ 371ಜೆ ವಿಧಿ ಬಂದ ಮೇಲೂ ತಾಂಡಾಗಳಿಂದ ಗುಳೆ ನಿಂತಿಲ್ಲ. ತಂದೆತಾಯಿ ಮುಂಬೈ, ಪುಣೆ, ಹೈದರಾಬಾದುಗಳಿಗೆ ಹೋದಾಗ ಮಕ್ಕಳು ಅಜ್ಜಿಯ ಜೊತೆ ಉಳಿಯುತ್ತಾರೆ. ಇನ್ನೊಂದೆಡೆ ವಾಡಿಯಲ್ಲಿ ರೈಲು ಮತ್ತು ಸಿಮೆಂಟು, ಸೇಡಂ ಮತ್ತು ಮಳಖೇಡದಲ್ಲಿ ಸಿಮೆಂಟು, ಶಹಾಬಾದಿನಲ್ಲಿ ಕಲ್ಲು ನಾನಾ ಊರುಗಳ ಜನರನ್ನು ಒಂದೆಡೆ ತಂದಿವೆ. ಕನ್ನಡ, ಉರ್ದು, ತೆಲುಗು, ಮರಾಠಿ, ಲಂಬಾಣಿ ಮಾತಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂರುವ ಸ್ಥಳ ಶಾಲೆಯೊಂದೇ. ದೊಡ್ಡವರಾದ ಮೇಲೆ ಅವರನ್ನು ಓಣಿ, ಜಾತಿ, ಕೂಲಿಗಳು ಬೇರ್ಪಡಿಸುತ್ತವೆ. ಬೇರ್ಪಡಿಸುವ ಆ ಕೆಲಸವನ್ನು ಎಂಟನೆಯ ವಯಸ್ಸಿನಲ್ಲಿಯೇ ನಾವು ಆರಂಭಿಸಬೇಕೇ, ಅದೂ ಹಬ್ಬದ ಹೆಸರಿನಲ್ಲಿ?

ನನ್ನ ಮಾತಿಗೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ವೇದಿಕೆ ಮಕ್ಕಳ ಅಂಜಿಕೆ ಬಿಡಿಸುತ್ತದೆ ಎನ್ನುತ್ತಾರೆ. ಒಪ್ಪುತ್ತೇನೆ. ಹಾಗಾದರೆ ಅಂಜಿಕೆ ಅತಿ ಹೆಚ್ಚಿರುವ ಮಗುವೇ ಮೊದಲು ವೇದಿಕೆ ಏರಬೇಕಲ್ಲವೇ? ಆದರೆ ನಾವು ಆರಿಸುವುದು ಈಗಾಗಲೇ ಕುಣಿಯಬಲ್ಲ, ಹಣ ಕಟ್ಟಬಲ್ಲ ಮಗುವನ್ನು. ಪಾಲಕರೇ ಆಡಂಬರ ಬಯಸುತ್ತಾರೆ ಎನ್ನುತ್ತಾರೆ. ಯಾವ ಪಾಲಕರು? ಸಭೆಯಲ್ಲಿ ಎದ್ದು ಮಾತಾಡಬಲ್ಲ ನಾಲ್ವರ ಅಭಿಪ್ರಾಯವನ್ನು ಎಲ್ಲರ ಅಭಿಪ್ರಾಯವೆಂದು ಬರೆದುಕೊಳ್ಳುವುದು ನಮಗೆ ರೂಢಿಯಾಗಿದೆ. ಬೇರೆ ಖಾಸಗಿ ಶಾಲೆಗಳ ಜೊತೆ ಪೈಪೋಟಿ ಮಾಡದಿದ್ದರೆ ದಾಖಲಾತಿ ಕುಸಿಯುತ್ತದೆ ಎನ್ನುತ್ತಾರೆ. ಈ ಮಾತಿನಲ್ಲಿ ನಿಜಾಂಶವಿದೆ. ಶಿಕ್ಷಕರ ಸಂಬಳ ಹೊಂದಿಸುವ ಮುಖ್ಯೋಪಾಧ್ಯಾಯಿನಿ ಸೋದರಿಯ ಚಿಂತೆ ನನಗೆ ಅರ್ಥವಾಗುತ್ತದೆ. ಆದರೆ ಜಾಹೀರಾತು ಬೇಕಿದ್ದರೆ ಅದನ್ನು ಜಾಹೀರಾತೆಂದೇ ಕರೆಯೋಣ. ಮಕ್ಕಳ ಹಬ್ಬವೆಂದು ಕರೆದು, ಹಬ್ಬದ ಖರ್ಚನ್ನು ಕೂಲಿಕಾರನ ಮೇಲೆ ಹೊರಿಸುವುದು ಬೇಡ.

ಕಾನೂನಿನ ಮಾತು ಬಂದಾಗ ನಾವು ಅಲ್ಪಸಂಖ್ಯಾತರ ಹಕ್ಕನ್ನು ನೆನೆಯುತ್ತೇವೆ. ಸಂವಿಧಾನದ 30ನೆಯ ವಿಧಿ ಕೊಟ್ಟ ಆ ಹಕ್ಕು ಅಮೂಲ್ಯವಾದುದು. ಅದರ ರಕ್ಷಣೆಗೆ ನಾನೂ ದನಿಗೂಡಿಸುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯಿದೆ ಖಾಸಗಿ ಶಾಲೆಗಳ ಒಂದನೆಯ ತರಗತಿಯಲ್ಲಿ ಶೇಕಡ 25 ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಡಬೇಕೆಂದಿತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ಅಲ್ಪಸಂಖ್ಯಾತ ಶಾಲೆಗಳನ್ನು ಆ ಕಾಯಿದೆಯಿಂದ ಹೊರಗಿಟ್ಟಿತು. ಆ ತೀರ್ಪಿನ ಬಗೆಗಿನ ಪ್ರಶ್ನೆ 2025ರಲ್ಲಿ ನ್ಯಾಯಾಲಯದ ಮುಂದೆ ಮತ್ತೆ ಎದ್ದಿದೆ. ತೀರ್ಪು ಏನೇ ಆಗಲಿ, ನ್ಯಾಯಾಲಯ ನಮಗೆ ವಿನಾಯಿತಿ ಕೊಡಬಹುದು. ಬೆತ್ಲೆಹೇಮಿನ ಗೋದಲಿ ಕೊಡಲಾರದು. ಬಡ ಮಗುವನ್ನು ಸೇರಿಸಿಕೊಂಡಿದ್ದೇವೆಂದು ಹೆಮ್ಮೆಪಡುವ ಶಾಲೆಯೂ ಆ ಮಗುವನ್ನು ಹಬ್ಬದ ದಿನ ಹೊರಗೆ ನಿಲ್ಲಿಸಿದರೆ ಅದು ಅರ್ಧ ತೆರೆದ ಬಾಗಿಲು ಮಾತ್ರ.

ಇನ್ನೊಂದು ತಪ್ಪು ನನ್ನದೇ. ನಾನು ಹುಟ್ಟಿದ್ದು ಕರಾವಳಿಯಲ್ಲಿ, ಓದಿದ್ದು ಅಲ್ಲಿನ ಗುರುಮಠದಲ್ಲಿ. ಸೆಪ್ಟೆಂಬರ್ 8ರ ಕನ್ಯಾಮರಿಯಮ್ಮನವರ ಜನ್ಮದಿನವೆಂದರೆ ನನಗೆ ಹೊಸ ಭತ್ತದ ತೆನೆ, ಹೂವಿನ ಬುಟ್ಟಿ, ಮನೆಮಂದಿಯೆಲ್ಲ ಕುಳಿತು ಉಣ್ಣುವ ಹೊಸ ಅಕ್ಕಿಯ ಊಟ. ಬಯಲುಸೀಮೆಗೆ ಬಂದ ಮೊದಲ ವರ್ಷ ಶಾಲೆಯಲ್ಲಿ ತೆನೆಹಬ್ಬ ಮಾಡಲು ದೂರದಿಂದ ಭತ್ತದ ತೆನೆ ತರಿಸಿದೆ! ತೊಗರಿಯ ನಾಡಿನ ಮಕ್ಕಳು ಅದನ್ನು ಕೈಯಲ್ಲಿ ಹಿಡಿದು ಏನೂ ತಿಳಿಯದೆ ನಿಂತಿದ್ದರು. ಆ ದಿನಗಳಲ್ಲಿ ಅವರ ಹೊಲದಲ್ಲಿ ಹೆಸರು ಕೊಯ್ಲಾಗಿತ್ತು, ತೊಗರಿ ಎದೆಯೆತ್ತರ ಬೆಳೆಯುತ್ತಿತ್ತು. ಒಂದು ಹಿಡಿ ಹೆಸರುಕಾಯಿ ತನ್ನಿರೆಂದಿದ್ದರೆ ಪ್ರತಿಯೊಂದು ಮಗುವೂ ತನ್ನ ಮನೆಯನ್ನೇ ಪೀಠದ ಬಳಿಗೆ ತರುತ್ತಿತ್ತು. ಮೊದಲ ಫಲವನ್ನು ದೇವರಿಗೆ ಒಪ್ಪಿಸುವುದು ಹಬ್ಬದ ಅರ್ಥ. ಯಾರದೋ ಹೊಲದ ಫಲವನ್ನು ಕೊಂಡು ತಂದು ಒಪ್ಪಿಸುವುದು ಅಲ್ಲ.

ಎಳ್ಳಮಾವಾಸ್ಯೆಯ ವಿಷಯವೂ ಹೀಗೆಯೇ. ಆ ದಿನ ಇಲ್ಲಿನ ಕುಟುಂಬಗಳು ಸಜ್ಜೆ ಕಡುಬು, ಭಜ್ಜಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಹೊಲವಿಲ್ಲದವರನ್ನೂ ಕರೆದು ಉಣಿಸುತ್ತಾರೆ. ಮರುದಿನ ಶಾಲೆಯಲ್ಲಿ ಗೈರುಹಾಜರಿಗೆ ದಂಡ ಹಾಕಿದ್ದನ್ನು ನಾನು ಕಂಡಿದ್ದೇನೆ. ಕರೆಯದೆ ಬಂದವರಿಗೂ ಎಲೆ ಹಾಕುವ ಹಬ್ಬಕ್ಕೆ ದಂಡ, ಕರೆದವರನ್ನೂ ಹಗ್ಗದ ಹಿಂದೆ ನಿಲ್ಲಿಸುವ ಹಬ್ಬಕ್ಕೆ ಬಹುಮಾನ! ಲೂಕರ ಹದಿನಾಲ್ಕನೆಯ ಅಧ್ಯಾಯಕ್ಕೆ ಇವೆರಡರಲ್ಲಿ ಯಾವುದು ಹತ್ತಿರವೆಂದು ನೀವೇ ತೀರ್ಮಾನಿಸಿ.

ಹಾಡು ಕುಣಿತಗಳಿಗಾಗಿ ನಾವು ಸಿನಿಮಾದ ಬಾಗಿಲಿಗೆ ಹೋಗಬೇಕಾದ ಬಡತನ ಈ ನೆಲಕ್ಕಿಲ್ಲ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗ, ಓದಿ ಕಲಿಯದವರೂ ಕಾವ್ಯ ಬಲ್ಲವರೆಂದು ಕನ್ನಡ ಜನರನ್ನು ಮೆಚ್ಚಿಕೊಂಡಿತು. ಗೋಡೆಗೆ ಒರಗಿ ನಿಂತವರು ಅವರೇ. ಬೀಸುವ ಹಾಡು, ಸೋಬಾನೆ ಪದ, ತಾಂಡಾದ ಲಂಬಾಣಿ ಹಾಡು, ಮೊಹರಂ ಪದಗಳು ಅವರ ನಾಲಿಗೆಯ ಮೇಲಿವೆ. ನಾವು ಅವರನ್ನು ಪ್ರೇಕ್ಷಕರನ್ನಾಗಿ ಮಾಡಿ, ಅರ್ಥ ತಿಳಿಯದ ಧ್ವನಿಮುದ್ರಿತ ಗೀತೆಗೆ ಅವರ ಮಕ್ಕಳ ಸೊಂಟ ಕುಣಿಸುತ್ತಿದ್ದೇವೆ.

ಬೇರೆ ದಾರಿ ಇಲ್ಲವೆಂದಲ್ಲ. ಮತ್ತೊಂದು ಶಾಲೆಯಲ್ಲಿ ಶಿಕ್ಷಕಿಯರೇ ಕೂಡಿ ತೀರ್ಮಾನಿಸಿ ಒಂದು ವರ್ಷ ಬಾಡಿಗೆ ಉಡುಪನ್ನು ಕೈಬಿಟ್ಟರು. ಮನೆಯಲ್ಲಿ ಇದ್ದುದನ್ನು ಉಟ್ಟು ಬಂದ ಎಲ್ಲ ಮಕ್ಕಳೂ ತರಗತಿವಾರು ಹಾಡಿದರು. ಕ್ರಿಸ್ತಜಯಂತಿಯ ರೂಪಕದಲ್ಲಿ ಕುರುಬರಾಗಿ ಬಂದವರು ನಿಜವಾಗಿಯೂ ಕುರಿ ಕಾಯುವ ಮನೆಯ ಮಕ್ಕಳು. ತಾಯಿ ಮರಿಯಳ ಪಾತ್ರದ ಹುಡುಗಿ ಮುಸಲ್ಮಾನರ ಮನೆಯವಳು; ಮಗುವನ್ನು ಎತ್ತಿಕೊಳ್ಳುವ ಬಗೆಯನ್ನು ಅವಳ ಅಜ್ಜಿ ಕಲಿಸಿದ್ದರು. ಧ್ವನಿವರ್ಧಕ ಎರಡು ಬಾರಿ ಕೆಟ್ಟಿತು. ಸಾಲುಗಳು ತಪ್ಪಿದವು. ಮುಂದಿನ ಸಾಲಿನಲ್ಲಿ ಅಜ್ಜಿಯಂದಿರಿದ್ದರು. ಕಾರ್ಯಕ್ರಮ ಮುಗಿದ ಮೇಲೂ ಯಾರೂ ಮನೆಗೆ ಹೊರಡಲಿಲ್ಲ. ಅಂದು ನನಗೆ ಭಾಷಣದ ಅವಕಾಶ ಸಿಗಲಿಲ್ಲ. ಅದರಿಂದ ಯಾರಿಗೂ ನಷ್ಟವಾಗಲಿಲ್ಲ.

ಆದುದರಿಂದ ನಮ್ಮ ಶಾಲೆಗಳ ಆಡಳಿತಗಾರರಲ್ಲಿ, ಧರ್ಮಭಗಿನಿಯರಲ್ಲಿ, ಧರ್ಮಕೇಂದ್ರದ ಗುರುಗಳಲ್ಲಿ ನನ್ನ ಬೇಡಿಕೆ ಇಷ್ಟು. ಹಬ್ಬಕ್ಕಾಗಿ ಯಾವ ಮಗುವಿನಿಂದಲೂ ಪ್ರತ್ಯೇಕ ಹಣ ಪಡೆಯಬಾರದು. ಒಂದು ಮಗುವೂ ಹೊರಗುಳಿಯಬಾರದು. ಮುಂದಿನ ಸಾಲು ತಂದೆತಾಯಿ, ಅಜ್ಜ ಅಜ್ಜಿಯರದು. ಅತಿಥಿಗಳು ಬಂದರೆ ಅವರ ನಡುವೆ ಕೂರಲಿ, ಬಾರದಿದ್ದರೆ ಹೇಳಿದ ಹೊತ್ತಿಗೆ ಗಂಟೆ ಬಾರಿಸಲಿ. ದಿನಾಂಕವನ್ನು ಗೊತ್ತುಮಾಡುವಾಗ ತೊಗರಿಯ ಕೊಯ್ಲು, ಕಾರ್ಖಾನೆಯ ಪಾಳಿ, ಗುಳೆ ಹೋದವರು ಊರಿಗೆ ಮರಳುವ ಸಮಯಗಳನ್ನು ಕೇಳಿ ತಿಳಿಯಲಿ. ಖರ್ಚಿನ ಲೆಕ್ಕವನ್ನು ಪಾಲಕರ ಸಭೆಯಲ್ಲಿ ಓದಲಿ.

ಪ್ರಿಯ ಓದುಗರೇ, ನಿಮ್ಮ ಮಗು ಅಥವಾ ಮೊಮ್ಮಗು ಈ ಬಾರಿ ವೇದಿಕೆಯ ಮೇಲಿದ್ದರೆ ಸಂತೋಷಪಡಿ. ಆದರೆ ಚಪ್ಪಾಳೆ ತಟ್ಟುವ ಮುನ್ನ ಒಮ್ಮೆ ಹಿಂತಿರುಗಿ ಗೋಡೆಯ ಕಡೆಗೆ ನೋಡಿ. ಸಮವಸ್ತ್ರದಲ್ಲಿ ನಿಂತ ಮಗುವೊಂದು ಕಂಡರೆ, ನಾನು ಅಂದು ಮಾಡಿದಂತೆ ನಿಮ್ಮ ಕುರ್ಚಿಗೆ ಮರಳಬೇಡಿ. ಎದ್ದು ಹೋಗಿ ಅದರ ತಾಯಿಗೆ ಆ ಕುರ್ಚಿಯನ್ನು ಕೊಡಿ. ಮಾರನೆಯ ದಿನ ಶಾಲೆಯ ಕಚೇರಿಗೆ ಹೋಗಿ ಮಗು ಏಕೆ ಹೊರಗುಳಿಯಿತೆಂದು ಕೇಳಿ.