ಸೊಂಟದಲ್ಲಿ ಪಂಪ್, ಎಲೆಯಲ್ಲಿ ಹೋಳಿಗೆ

ಇನ್ಸುಲಿನ್ ಪಂಪ್ ಹಾಕಿಸಿಕೊಂಡವರನ್ನು ನೆಂಟರು ಮೊದಲು ಕೇಳುವುದು, ‘ಹಾಗಾದರೆ ಇನ್ನು ಏನು ಬೇಕಾದರೂ ತಿನ್ನಬಹುದಲ್ಲ?’ ಎಂದು. ಎರಡನೆಯ ಪ್ರಶ್ನೆ, ‘ಶುಗರ್ ಅದೇ ನೋಡಿಕೊಳ್ಳುತ್ತಲ್ಲ?’ ಎರಡಕ್ಕೂ ಉತ್ತರ ಅರ್ಧ ಹೌದು, ಅರ್ಧ ಅಲ್ಲ. ಟೈಪ್ 1 ಮಧುಮೇಹ ಇರುವವರು ಮತ್ತೆ ಶಾಲೆ, ಕಚೇರಿ, ಅಡುಗೆಮನೆಗೆ ಮರಳುವಾಗ ಒದ್ದಾಡುವುದೆಲ್ಲ ಆ ‘ಅಲ್ಲ’ ಎಂಬ ಅರ್ಧದಲ್ಲಿ.

ಟೈಪ್ 1ರಲ್ಲಿ ದೇಹ ಇನ್ಸುಲಿನ್ ತಯಾರಿಸುವುದನ್ನೇ ಹೆಚ್ಚುಕಡಿಮೆ ಬಿಟ್ಟಿರುತ್ತದೆ. ದಿನಕ್ಕೆ ನಾಲ್ಕೈದು ಸಲ ಸೂಜಿ ತಪ್ಪಿದ್ದಲ್ಲ. ಪಂಪ್ ಬಂದರೆ ಎರಡು ಮೂರು ದಿನಕ್ಕೊಮ್ಮೆ ಚರ್ಮದಡಿಯ ಕ್ಯಾನುಲಾ ಎಂಬ ಸಣ್ಣ ನಳಿಕೆಯನ್ನು ಬದಲಿಸಿದರಾಯಿತು. ಯಂತ್ರ ಹಗಲೂ ರಾತ್ರಿ ಸಣ್ಣ ಸಣ್ಣ ಪ್ರಮಾಣದಲ್ಲಿ ಇನ್ಸುಲಿನ್ ಬಿಡುತ್ತಿರುತ್ತದೆ. 1960ರ ದಶಕದಲ್ಲಿ ಲಾಸ್ ಏಂಜಲೀಸ್‌ನ ವೈದ್ಯ ಆರ್ನಾಲ್ಡ್ ಕಡಿಶ್ ರೂಪಿಸಿದ ಪಂಪನ್ನು ಬೆನ್ನಿಗೆ ಹೊರಬೇಕಿತ್ತು. ಈಗಿನದು ಅಂಗಿಯ ಜೇಬಿಗೆ ಹಿಡಿಯುತ್ತದೆ. 2016ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟ ಮಿನಿಮೆಡ್ 670ಜಿ ಬಂದ ಮೇಲೆ, ಮೈಯ ಸಕ್ಕರೆ ಅಳೆಯುವ ಸೆನ್ಸರ್ ತೋರಿಸಿದ ಅಂಕಿ ನೋಡಿ ಇನ್ಸುಲಿನ್ನನ್ನು ತಾನೇ ಏರಿಸಿ ಇಳಿಸುವ ಪಂಪ್‌ಗಳ ಕಾಲ ಶುರುವಾಯಿತು. ಇಷ್ಟಾದರೂ ಊಟದ ಲೆಕ್ಕ ಅದಕ್ಕೆ ತಿಳಿಯದು. ತಟ್ಟೆಯಲ್ಲಿ ಎಷ್ಟು ಗ್ರಾಂ ಕಾರ್ಬೋಹೈಡ್ರೇಟ್ ಇದೆ ಎಂದು ಉಣ್ಣುವವರೇ ಅಂದಾಜು ಮಾಡಿ, ತುತ್ತು ಎತ್ತುವ ಮೊದಲೇ ಗುಂಡಿ ಒತ್ತಿ ತಿಳಿಸಬೇಕು.

ತೊಡಕು ಇಲ್ಲಿದೆ. ಬ್ರೆಡ್ಡಿನ ಪೊಟ್ಟಣದ ಮೇಲೆ ಲೆಕ್ಕ ಅಚ್ಚಾಗಿರುತ್ತದೆ, ರಾಗಿಮುದ್ದೆಯ ಮೇಲೆ ಯಾರು ಬರೆದಾರು? 100 ಗ್ರಾಂ ರಾಗಿಹಿಟ್ಟಿನಲ್ಲಿ 70 ಗ್ರಾಂ ಆಸುಪಾಸು ಕಾರ್ಬೋಹೈಡ್ರೇಟ್ ಇದೆ ಎಂದು ಪುಸ್ತಕ ಹೇಳೀತು. ಮುದ್ದೆಯ ಗಾತ್ರ ಮಾತ್ರ ಕಟ್ಟುವವರ ಅಂಗೈಗೆ ಬಿಟ್ಟದ್ದು. ಮದುವೆಮನೆಯ ಪಂಕ್ತಿಯಲ್ಲಂತೂ ಇನ್ನೂ ಫಜೀತಿ. ಸಾರಿಗೊಮ್ಮೆ, ಹುಳಿಗೊಮ್ಮೆ, ಮಜ್ಜಿಗೆಗೊಮ್ಮೆ ಅನ್ನ ಬರುತ್ತದೆ. ನಡುವೆ ‘ಇನ್ನೊಂದೇ ಒಂದು’ ಎಂದು ಹೋಳಿಗೆ ಬೀಳುತ್ತದೆ, ಅದರ ಮೇಲೆ ತುಪ್ಪ. ಮೊದಲೇ ಒಂದು ಅಂಕಿ ಹೇಳಿ ಎನ್ನುವ ಯಂತ್ರಕ್ಕೂ ಒತ್ತಾಯ ಮಾಡಿ ಬಡಿಸುವ ನಮ್ಮ ಪ್ರೀತಿಗೂ ಎಲ್ಲಿಯ ಹೊಂದಾಣಿಕೆ? ತುಪ್ಪದಿಂದ ಜೀರ್ಣ ನಿಧಾನವಾಗಿ, ಸಕ್ಕರೆ ಏರುವುದೂ ತಡವಾಗುತ್ತದೆ. ಅದಕ್ಕೆಂದೇ ಅನೇಕ ಪಂಪ್‌ಗಳಲ್ಲಿ ಇನ್ಸುಲಿನ್ನಿನ ಒಂದು ಪಾಲನ್ನು ಕೂಡಲೇ ಕೊಟ್ಟು, ಉಳಿದದ್ದನ್ನು ಒಂದೆರಡು ಗಂಟೆ ಎಳೆದು ಬಿಡುವ ಸೌಲಭ್ಯವಿದೆ. ಹೋಳಿಗೆ ಊಟಕ್ಕೆ ಹೇಳಿ ಮಾಡಿಸಿದಂಥದು. ಆದರೆ ಅದನ್ನು ಕಲಿಸುವಾಗ ಕೊಡುವ ಉದಾಹರಣೆ ಹೆಚ್ಚಾಗಿ ಪಿಜ್ಜಾದ್ದು.

ಮೈಮೇಲಿನ ಕಷ್ಟಗಳು ಬೇರೆ. ಕರಾವಳಿಯ ಏಪ್ರಿಲ್ ಬೆವರಿಗೆ ಪ್ಲಾಸ್ಟರ್ ಏಳುತ್ತದೆ, ಹಬ್ಬದ ಎಣ್ಣೆಸ್ನಾನಕ್ಕೆ ಕಿತ್ತೇ ಬರುತ್ತದೆ. ಸೀರೆ ಉಡುವವರು ನೆರಿಗೆ ಸಿಕ್ಕಿಸುವಾಗ ಪಂಪ್‌ನ ಕೊಳವೆ ಮಡಿಚದಂತೆ ನೋಡಿಕೊಳ್ಳಬೇಕು. ಧರ್ಮಸ್ಥಳದಂಥ ದೇವಸ್ಥಾನದಲ್ಲಿ ಗಂಡಸರು ಅಂಗಿ ಬಿಚ್ಚಿ ಒಳಗೆ ಹೋಗುವಾಗ ಹೊಟ್ಟೆಯ ಮೇಲಿನ ಪಟ್ಟಿ, ಪಂಚೆಗೆ ಸಿಕ್ಕಿಸಿದ ಪೆಟ್ಟಿಗೆ ಎಲ್ಲರ ಕಣ್ಣಿಗೂ ಬೀಳುತ್ತವೆ. 2014ರಲ್ಲಿ ಅಮೆರಿಕದ ಐಡಹೊ ರಾಜ್ಯದ ಸುಂದರಿ ಸ್ಪರ್ಧೆಯಲ್ಲಿ ಸಿಯೆರಾ ಸ್ಯಾಂಡಿಸನ್ ಈಜುಡುಗೆಗೇ ಪಂಪ್ ಸಿಕ್ಕಿಸಿಕೊಂಡು ವೇದಿಕೆಗೆ ಬಂದು ಕಿರೀಟ ಗೆದ್ದರು. ಅದನ್ನು ನೋಡಿ ಎಷ್ಟೋ ಮಂದಿ ತಮ್ಮ ಪಂಪ್‌ನ ಚಿತ್ರವನ್ನೂ ಜಾಲತಾಣದಲ್ಲಿ ಹಾಕಿದರು. ನಮ್ಮಲ್ಲಿ ಮಗಳ ಮದುವೆಯ ಮಾತು ಕೆಟ್ಟೀತೆಂದು ಮುಚ್ಚಿಡುವ ಮನೆಗಳು ಇನ್ನೂ ಇವೆ.

ಆ ಮುಚ್ಚುಮರೆ ಅಪಾಯದ್ದು. ಪಂಪ್‌ನಲ್ಲಿ ತುಂಬುವುದು ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್ ಮಾತ್ರ. ಸೂಜಿಯ ದಿನಗಳಲ್ಲಿದ್ದ, ದಿನವಿಡೀ ಉಳಿಯುವ ಇನ್ಸುಲಿನ್ನಿನ ಆಸರೆ ಮೈಯಲ್ಲಿ ಇರುವುದಿಲ್ಲ. ಹರಿವು ನಿಂತರೆ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿ, ವಾಂತಿಯಾಗಿ ಆಸ್ಪತ್ರೆ ಸೇರಬೇಕಾದೀತು. ಪಂಪ್ ಇದ್ದರೂ ಚೀಲದಲ್ಲಿ ಇನ್ಸುಲಿನ್ ಪೆನ್ ಇರಲಿ ಎಂದು ವೈದ್ಯರು ಹೇಳುವುದು ಇದಕ್ಕೇ. ಪಕ್ಕದ ಮೇಜಿನವರಿಗೆ, ತರಗತಿಯ ಮೇಷ್ಟರಿಗೆ ಇಷ್ಟಾದರೂ ಗೊತ್ತಿರಬೇಡವೇ?

ಗೊತ್ತಿರುವುದಿಲ್ಲ. ತರಬೇತಿ ಸಿಗುವುದು ರೋಗಿಗೆ, ಹೆಚ್ಚೆಂದರೆ ಅಪ್ಪ ಅಮ್ಮನಿಗೆ. ಸುತ್ತಲಿನವರು ಕಲಿಯದೇ ಉಳಿದಿರುವುದೇ ಈಗ ದೊಡ್ಡ ಅಡ್ಡಿ, ಯಂತ್ರವಲ್ಲ. ಟೈಪ್ 1 ಇರುವ ಮಕ್ಕಳು ಪರೀಕ್ಷಾ ಕೊಠಡಿಗೆ ಹಣ್ಣು, ಸಕ್ಕರೆ ಮಾತ್ರೆ, ನೀರು ಒಯ್ಯಬಹುದೆಂದು ಸಿಬಿಎಸ್‌ಇ 2017ರಲ್ಲೇ ಹೇಳಿತು. ತರಗತಿಯಲ್ಲೂ ರಕ್ತ ಪರೀಕ್ಷಿಸಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು ಬಿಡಿ ಎಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ರಾಜ್ಯಗಳಿಗೆ ಬರೆಯಿತು. ಒಳ್ಳೆಯದೇ. ಆದರೆ ಬ್ಲೂಟೂತ್ ಎಂದರೆ ಬೆಚ್ಚುವ ಪರೀಕ್ಷಾ ಕೇಂದ್ರದ ಬಾಗಿಲಲ್ಲಿ, ತಪಾಸಣೆ ಮಾಡುವವರು ಮೈಗೆ ಅಂಟಿಕೊಂಡ ಯಂತ್ರವನ್ನು ಏನೆಂದುಕೊಳ್ಳಬೇಕು? ಪರೀಕ್ಷೆಯ ಭಯದ ಜೊತೆಗೆ ಹುಡುಗಿಯೊಬ್ಬಳು ವೈದ್ಯರ ಪತ್ರ ಹಿಡಿದು ಅಲ್ಲಿ ವಿವರಿಸುತ್ತ ನಿಲ್ಲುವ ಬದಲು, ಸಿಇಟಿಯಂಥ ಪರೀಕ್ಷೆಗಳ ಪ್ರವೇಶಪತ್ರದಲ್ಲೇ ‘ಅಭ್ಯರ್ಥಿ ಇನ್ಸುಲಿನ್ ಪಂಪ್ ಧರಿಸಿದ್ದಾರೆ’ ಎಂಬ ಒಂದು ಸಾಲು ಅಚ್ಚಾಗಲಿ. ಅದಕ್ಕೆ ಹಣವೇನೂ ಬೇಡ.

ಹಣ ಬೇಕಾದದ್ದು ಬೇರೆಡೆ. ಪಂಪ್‌ನ ಬೆಲೆ ಲಕ್ಷಗಳಲ್ಲಿದೆ. ಸಾಲವೋ ದಾನವೋ, ಅದನ್ನು ಒಮ್ಮೆ ಹೇಗೋ ಹೊಂದಿಸಬಹುದು. ತಿಂಗಳು ತಿಂಗಳೂ ಬೇಕಾಗುವ ಕ್ಯಾನುಲಾ, ಇನ್ಸುಲಿನ್ ತುಂಬುವ ರಿಸರ್ವಾಯರ್, ಸೆನ್ಸರ್‌ಗಳ ಖರ್ಚಿಗೆ ಕೊನೆಯಿಲ್ಲ. ಮೂರು ದಿನದ ಕ್ಯಾನುಲಾವನ್ನು ಉಳಿತಾಯಕ್ಕೆಂದು ಐದಾರು ದಿನ ಎಳೆದರೆ ಚುಚ್ಚಿದ ಜಾಗ ಬಾತು, ಇನ್ಸುಲಿನ್ ಸರಿಯಾಗಿ ಹೀರದೆ ಸಕ್ಕರೆ ಏರುತ್ತದೆ. ಕೊನೆಗೆ ಬೇಸತ್ತು ಪಂಪನ್ನು ಬೀರುವಿನಲ್ಲಿಟ್ಟು ಸೂಜಿಗೆ ಮರಳಬೇಕಾಗುತ್ತದೆ. ಇಂಗ್ಲೆಂಡಿನಲ್ಲಿ ಸೆನ್ಸರ್ ಜೋಡಿಸಿದ ಪಂಪ್‌ಗಳನ್ನು 2024ರ ಏಪ್ರಿಲ್‌ನಿಂದ ಐದು ವರ್ಷಗಳಲ್ಲಿ ಹಂತಹಂತವಾಗಿ ಕೊಡುವ ಕೆಲಸವನ್ನು ಸರ್ಕಾರಿ ಆರೋಗ್ಯ ಸೇವೆಯೇ ಕೈಗೆತ್ತಿಕೊಂಡಿದೆ. ಅಷ್ಟು ದೂರವೇಕೆ, ಪಕ್ಕದ ಕೇರಳದಲ್ಲಿ ‘ಮಿಠಾಯಿ’ ಎಂಬ ಯೋಜನೆ ಟೈಪ್ 1 ಮಕ್ಕಳಿಗೆ ಇನ್ಸುಲಿನ್ ಪೆನ್, ಸೆನ್ಸರ್, ಪಂಪ್ ಒದಗಿಸುತ್ತಿದೆ. ಕರ್ನಾಟಕ ಅಂಥದೊಂದನ್ನು ಯೋಚಿಸುವುದಾದರೆ, ಪಂಪ್ ವಿತರಣಾ ಸಮಾರಂಭದ ಫೋಟೊಗಿಂತ ಮೊದಲು ಜಿಲ್ಲಾಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಒಂದು ಮಗುವಿಗೆ ತಿಂಗಳಿಗೆ ಹತ್ತು ಕ್ಯಾನುಲಾ ಸಿಗುವಂತೆ ಮಾಡಲಿ, ಮುದ್ದೆ ಹೋಳಿಗೆಗಳ ಲೆಕ್ಕ ಬಲ್ಲ ಒಬ್ಬ ಆಹಾರತಜ್ಞರನ್ನೂ ಅಲ್ಲಿ ಕೂರಿಸಲಿ.