ಗುರುತಿಲ್ಲದ ಕುದುರೆಗೆ ಬಹುಮಾನವೇಕೆ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಜಾತ್ರೆಗಳಲ್ಲಿ ಕುದುರೆ ಗಾಡಿಯ ಶರ್ಯತ್ತು ಹೊಸದಲ್ಲ. ಬಹುಮಾನ ಕೊಟ್ಟವರ ಹೆಸರು ಕರಪತ್ರದಲ್ಲಿ ದಪ್ಪಕ್ಷರದಲ್ಲಿರುತ್ತದೆ. ಆದರೆ ಓಡುವ ಕುದುರೆ ಯಾವುದು, ಅದರ ವಯಸ್ಸೆಷ್ಟು ಎಂದು ಕೇಳುವವರಾರು? ಈ ಪ್ರಶ್ನೆಯನ್ನು ಕೇಳದೆ ಕೊಟ್ಟ ಹಣ ದಾನವೆನಿಸದು.

ಶ್ರೀಮಂತರ ಓಟದಲ್ಲಿ ಈ ಪ್ರಶ್ನೆ ಹಳೆಯದು. 1844ರ ಎಪ್ಸಮ್ ಡರ್ಬಿಯಲ್ಲಿ, ಮೂರು ವರ್ಷದ ಕುದುರೆಗಳಿಗೇ ಮೀಸಲಾದ ಓಟವನ್ನು ನಾಲ್ಕು ವರ್ಷದ ಕುದುರೆಯೊಂದು 'ರನ್ನಿಂಗ್ ರೇನ್' ಎಂಬ ಸುಳ್ಳು ಹೆಸರಿನಲ್ಲಿ ಗೆದ್ದಿತು; ಮೋಸ ನ್ಯಾಯಾಲಯದಲ್ಲಿ ಬಯಲಾಯಿತು. 1984ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಬಣ್ಣ ಬಳಿದ ಬೇರೊಂದು ಕುದುರೆಯನ್ನು 'ಫೈನ್ ಕಾಟನ್' ಎಂದು ಓಡಿಸಿದರು. ಇಂದು ಥರೋಬ್ರೆಡ್ ಕುದುರೆಗೆ ಮೈಬಣ್ಣ, ಮಚ್ಚೆ, ಸುಳಿಗಳನ್ನು ನಮೂದಿಸಿದ ಪಾಸ್‌ಪೋರ್ಟ್ ಇದೆ, ಕುತ್ತಿಗೆಯಲ್ಲಿ ಮೈಕ್ರೋಚಿಪ್ ಇದೆ. ತತ್ತ್ವಾರ್ಥಸೂತ್ರವಂತೂ ಅಚೌರ್ಯಾಣುವ್ರತದ ಅತಿಚಾರಗಳಲ್ಲಿ 'ಪ್ರತಿರೂಪಕ ವ್ಯವಹಾರ'ವನ್ನು, ಅಂದರೆ ಒಂದನ್ನು ತೋರಿಸಿ ಇನ್ನೊಂದನ್ನು ಸಾಗಿಸುವುದನ್ನು, ಎಂದೋ ಎಣಿಸಿದೆ.

ಆದರೆ ಅಲ್ಲಿನ ತಪಾಸಣೆ ಮುಖ್ಯವಾಗಿ ಪಣದ ಹಣವನ್ನು ಕಾಯುತ್ತದೆ. ನಮಗೆ ಬೇಕಾದದ್ದು ಕುದುರೆಯನ್ನು ಕಾಯುವ ತಪಾಸಣೆ. ಹಾಲುಹಲ್ಲು ಉದುರದ ಮರಿಯನ್ನು ಗಾಡಿಗೆ ಹೂಡಿದರೆ, ಗಬ್ಬದ ಹೆಣ್ಣುಕುದುರೆಯನ್ನು ಓಡಿಸಿದರೆ, ನಿನ್ನೆ ಒಂದೂರಿನಲ್ಲಿ ಕುಂಟಿದ ಕುದುರೆಯನ್ನು ಇಂದು ಇನ್ನೊಂದೂರಿಗೆ ತಂದರೆ, ಗುರುತಿನ ದಾಖಲೆಯಿಲ್ಲದೆ ತಡೆಯುವುದು ಹೇಗೆ? ಮನುಷ್ಯರಿಗೂ ಹರಡುವ ಗ್ಲ್ಯಾಂಡರ್ಸ್ ರೋಗ ತಗುಲಿದ ಕುದುರೆ ಯಾವ ಯಾವ ಜಾತ್ರೆಗೆ ಹೋಗಿತ್ತೆಂದು ಪತ್ತೆ ಹಚ್ಚುವುದು ಹೇಗೆ?

"ಜೂಜು ಸಪ್ತವ್ಯಸನಗಳಲ್ಲಿ ಮೊದಲನೆಯದು; ಅದರ ಶುದ್ಧೀಕರಣ ನಮಗೇಕೆ?" ಎಂದು ಕೆಲವರು ಕೇಳಬಹುದು. ಸತ್ಯ, ಪಣವನ್ನು ತ್ಯಜಿಸಲೇಬೇಕು. ಆದರೆ ನಮ್ಮ ತ್ಯಾಗ ಸಿದ್ಧಿಸುವವರೆಗೆ ಮೂಕಪ್ರಾಣಿ ಚಾಬೂಕಿನೇಟು ತಿನ್ನುತ್ತಿರಬೇಕೆ? "ಹಳ್ಳಿಯ ಕುದುರೆಗೆ ಇಷ್ಟೆಲ್ಲ ಏಕೆ?" ಎನ್ನುವವರು ಮುಧೋಳ ನಾಯಿಯನ್ನು ಕೊಳ್ಳುವಾಗ ತಳಿಯನ್ನು ವಿಚಾರಿಸದೆ ಬಿಡುವರೆ?

ಕಾನೂನಿನ ಆಸರೆಯನ್ನೂ ನೆಚ್ಚುವಂತಿಲ್ಲ. ಸುಪ್ರೀಂ ಕೋರ್ಟು 2023ರಲ್ಲಿ ಎತ್ತಿಹಿಡಿದ ಕರ್ನಾಟಕದ ತಿದ್ದುಪಡಿ ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ಸಂಬಂಧಿಸಿದ್ದು. ಕುದುರೆಯ ಹೆಸರು ಅದರಲ್ಲಿಲ್ಲ.

ಆದ್ದರಿಂದ ಶ್ರಾವಕ ಬಂಧುಗಳಲ್ಲಿ, ಬಸದಿಗಳ ಟ್ರಸ್ಟುಗಳಲ್ಲಿ ವಿನಂತಿ ಇಷ್ಟೆ: ಇಂಥ ಓಟಕ್ಕೆ ಬಹುಮಾನವನ್ನಾಗಲಿ ದೇಣಿಗೆಯನ್ನಾಗಲಿ ಕೊಡಬೇಡಿರಿ. ಊರವರು ಓಟವನ್ನು ನಡೆಸಿಯೇ ತೀರುವುದಾದರೆ, ಪಶುವೈದ್ಯರು ಪ್ರತಿ ಕುದುರೆಯ ಹಲ್ಲು, ಕಾಲು, ಸುಳಿಗಳನ್ನು ಪರೀಕ್ಷಿಸಿ ಬರೆದಿಡಲೆಂದು ಒತ್ತಾಯಿಸಿರಿ. ಆ ಖರ್ಚನ್ನು ಬೇಕಾದರೆ ನೀವೇ ವಹಿಸಿರಿ. ಜೀವದಯೆಯ ಹೆಸರಿನಲ್ಲಿ ಕೂಡಿಟ್ಟ ಹಣಕ್ಕೆ ಇದಕ್ಕಿಂತ ಯೋಗ್ಯವಾದ ವಿನಿಯೋಗ ಮತ್ತಾವುದಿದೆ?