ಸಾಕಿದ ಇಲಿಗೊಂದು ಗೂಡು

ಗಿಳಿಗೆ ಪಂಜರ, ಗುಬ್ಬಿಗೆ ಗೂಡು, ಇಲಿಗೆ ಬೋನು! ನಮ್ಮ ಭಾಷೆಯೇ ಹೀಗೆ ತೀರ್ಪು ಕೊಟ್ಟುಬಿಟ್ಟಿದೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕಣಜದ ಕಾಳನ್ನು ಬರಿದುಮಾಡುವುದು ಇಲಿ. 1898ರಲ್ಲಿ ಬೆಂಗಳೂರನ್ನು ನಡುಗಿಸಿದ ಪ್ಲೇಗಿನ ಕತೆಯಲ್ಲಿಯೂ ಇಲಿ. ಆದರೆ ಅದನ್ನು ಗಣಪತಿಯ ವಾಹನವೆಂದು ಪೂಜಿಸುವವರೂ ನಾವೇ. ಬಿಳಿಯ ಇಲಿಗಳನ್ನು ಅಕ್ಕರೆಯಿಂದ ಸಾಕುವವರೂ ಉಂಟು. ಸಾಕುವುದು ಸರಿಯೇ ತಪ್ಪೇ ಎಂಬ ಚರ್ಚೆಗೆ ನಾನು ಕೈಹಾಕುವುದಿಲ್ಲ. ಸಾಕಿದ ಮೇಲೆ ಅದಕ್ಕೆ ಕೊಡುವ ಮನೆ ಬೋನಾಗಿರಬಾರದು ಎಂಬುದಷ್ಟೇ ನನ್ನ ವಾದ.

ಇಲಿ ಸಂಘಜೀವಿ, ಜೊತೆಯಿಲ್ಲದೆ ಕೊರಗುತ್ತದೆ. ಆದುದರಿಂದ ಎರಡನ್ನಾದರೂ ಒಟ್ಟಿಗೆ ಇಡಬೇಕು. ಎರಡೂ ಗಂಡಾಗಿರಲಿ ಅಥವಾ ಎರಡೂ ಹೆಣ್ಣಾಗಿರಲಿ. ಇಲ್ಲವಾದರೆ ಸುಮಾರು ಮೂರು ವಾರಗಳಲ್ಲಿ ಮರಿಗಳ ದಂಡೇ ಹುಟ್ಟೀತು! ಹತ್ತುವುದು, ಓಡುವುದು, ಹಿಂಗಾಲಿನ ಮೇಲೆ ನಿಂತು ಮೂಸಿ ನೋಡುವುದು ಅದರ ಸ್ವಭಾವ. ಎರಡು ಇಲಿಗಳಿಗೆ ಮೂರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಗೂಡು ದುಂದೆಂದು ನನಗೆ ತೋರುವುದಿಲ್ಲ. ಸರಳುಗಳ ನಡುವಣ ಸಂದು ಅರ್ಧ ಅಂಗುಲವನ್ನು ಮೀರಬಾರದು; ತಲೆ ತೂರಿದಲ್ಲಿ ಮೈಯೂ ತೂರುತ್ತದೆ. ಮರದ ಪೆಟ್ಟಿಗೆ ಸಲ್ಲದು. ಇಲಿಯ ಬಾಚಿಹಲ್ಲು ಬದುಕಿರುವವರೆಗೂ ಬೆಳೆಯುವುದರಿಂದ ಅದು ಕಡಿಯದೆ ಬಿಡದು. ಮೇಲಾಗಿ ಮರ ಮೂತ್ರವನ್ನು ಹೀರಿ ನಾರುತ್ತದೆ. ತಂತಿಬಲೆಯ ನೆಲವಂತೂ ಅಂಗಾಲನ್ನು ಹುಣ್ಣುಮಾಡುತ್ತದೆ. ನೆಲ ಗಟ್ಟಿಯಾಗಿರಲಿ, ಅದರ ಮೇಲೆ ಹರಿದ ಕಾಗದದ ಹಾಸಿರಲಿ. ಒಂದು ಮಣ್ಣಿನ ಮಡಕೆಯನ್ನು ಅಡ್ಡಲಾಗಿ ಇಟ್ಟರೆ ಹಗಲು ನಿದ್ರಿಸುವ ಈ ಪ್ರಾಣಿಗೆ ಕತ್ತಲೆಯೂ ತಂಪೂ ಎರಡೂ ದೊರೆಯುತ್ತವೆ. ಇಲಿ ನಮ್ಮಂತೆ ಬೆವರುವುದಿಲ್ಲ. ಮೈಯ ಕಾವಿನ ಒಂದು ಪಾಲನ್ನು ಬಾಲದ ಮೂಲಕ ಕಳೆದುಕೊಳ್ಳುತ್ತದೆ. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಗೂಡನ್ನು ಬಿಸಿಲಿಗಿಡುವುದೆಂದರೆ ಕೊಲೆಯೇ ಸರಿ.

ಇನ್ನು ಶುಚಿತ್ವ. ಮೂತ್ರದಿಂದೇಳುವ ಅಮೋನಿಯಾ ಅನಿಲ ಇಲಿಯ ಶ್ವಾಸಕೋಶವನ್ನು ಕೆಡಿಸುತ್ತದೆ. ನಾವು ಒಂದು ಗಳಿಗೆ ಬಗ್ಗಿ ಮೂಗು ಮುಚ್ಚಿಕೊಂಡು ಹೋಗುತ್ತೇವೆ. ಅದಾದರೋ ಹಗಲಿರುಳೂ ಅಲ್ಲಿಯೇ ಉಸಿರಾಡಬೇಕು. ಗಾಳಿಯಾಡದ ಗಾಜಿನ ತೊಟ್ಟಿ ಬೇಡವೆನ್ನುವುದು ಇದಕ್ಕಾಗಿಯೇ. ಒದ್ದೆಯಾದ ಹಾಸನ್ನು ದಿನವೂ ತೆಗೆಯಬೇಕು. ವಾರಕ್ಕೊಮ್ಮೆ ಗೂಡನ್ನು ಸಾಬೂನು, ಬಿಸಿನೀರುಗಳಿಂದ ತೊಳೆದು ಒಣಗಿಸಬೇಕು. ಆದರೆ ಹಳೆಯ ಹಾಸಿನ ಒಣಗಿದ ಒಂದು ಹಿಡಿಯನ್ನು ಉಳಿಸಿಡುವುದು ಒಳ್ಳೆಯದು. ತನ್ನ ವಾಸನೆಯೇ ಇಲ್ಲದ ಮನೆ ಇಲಿಗೆ ಪರರ ಮನೆ. ಕೂಡಲೇ ಎಲ್ಲೆಡೆ ಮೂತ್ರದ ಗುರುತು ಹಾಕತೊಡಗುತ್ತದೆ. ಉಳಿದ ತಿನಿಸನ್ನು ಬೆಳಗಾಗುತ್ತಲೇ ಎತ್ತಬೇಕು. ಇಲ್ಲವಾದರೆ ಹೊರಗಿನ ಇಲಿಗಳು ಬಂದು ಇಲಿಜ್ವರವನ್ನೋ ಚಿಗಟವನ್ನೋ ತಂದಾವು.

ಇಷ್ಟು ಉಪಚಾರ ಒಂದು ಇಲಿಗೇ ಎಂದು ಕೆಲವರು ನಕ್ಕಾರು. ಪ್ರಾಣಿಗೆ ಕದಲಾಡಲು ಎಡೆಯಿಲ್ಲದ ಪಂಜರದಲ್ಲಿ ಅದನ್ನು ಕೂಡಿಹಾಕುವುದು ಅಪರಾಧವೆಂದು 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಹೇಳುತ್ತದೆ. ಗಿಳಿಗೊಂದು ನ್ಯಾಯ, ಇಲಿಗೊಂದು ನ್ಯಾಯವೆಂದು ಅಲ್ಲಿ ಬರೆದಿಲ್ಲ. ಕಾಯಿದೆಯ ಮಾತು ಹಾಗಿರಲಿ. ಸಾಕಿದ ಇಲಿಯ ಆಯುಷ್ಯ ಎರಡು ಮೂರು ವರ್ಷ. ನಾವು ಬಿ.ಎ. ಮುಗಿಸುವಷ್ಟರಲ್ಲಿ ಅದರ ಬಾಳೇ ಮುಗಿದುಹೋಗುತ್ತದೆ. ಆ ಬಾಳೆಲ್ಲ ಕಳೆಯುವುದು ನಾವು ಕೊಟ್ಟ ನಾಲ್ಕು ಗೋಡೆಗಳ ನಡುವೆ. ವಾರಕ್ಕೊಂದು ಗಂಟೆ ಗೂಡು ತೊಳೆಯಲು ಬಿಡುವಿಲ್ಲದವರು ಇಲಿಯನ್ನು ಮನೆಗೆ ತಾರದಿರುವುದೇ ಲೇಸು.